ಹೊಗೆಯಿಲ್ಲದ ಆಲೆಮನೆ

ದೊಡ್ಡಮ್ಮ ಹೇಳುವ ಪ್ರಕಾರ ಅವತ್ತು ನಾವು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿ ತೀರಾ ಸಣ್ಣಗಿದ್ದಳು, ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು, ಕೊನೆಗೆ ಅವರ ಕಡೆಯವರೇ ಬೇಡವೆಂದರು. ಇದನ್ನು ಅವಳು ನೆಂಟರ ಮುಂದೆ ಎಷ್ಟು ಸಲ ಹೇಳಿದ್ದಾಳೆಂದರೆ ಈಚೆಗೆ ನನ್ನ ನಾಲಿಗೆಗೂ ಆ ಉಪ್ಪು ಹತ್ತಿದಂತಾಗುತ್ತದೆ. ನಾನು ಉಪ್ಪಿಟ್ಟು ತಿನ್ನಲಿಲ್ಲ. ತಿನ್ನಲಿಲ್ಲವೆಂದೇ ನಂಬಿದ್ದೇನೆ.

ನಾನಿರುವುದು ಮಂಡ್ಯದಲ್ಲಿ, ದೊಡ್ಡಮ್ಮನ ಊರು ಆತಗೂರಿನ ಪಕ್ಕ. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನಿಗೆ, ಅಂದರೆ ನಾನು ಅಣ್ಣ ಎನ್ನುವವನಿಗೆ, ಮದುವೆಯಾಗಿ ಇಬ್ಬರು ಹೆಣ್ಣುಮಕ್ಕಳಿದ್ದರು. ಅತ್ತಿಗೆ ಆಗ ಮತ್ತೆ ಬಸುರಿ. ಕಿರಿಯವನಿಗೆ ನಲವತ್ತು ಹತ್ತಿರವಾದರೂ ಹೆಣ್ಣು ಸಿಕ್ಕಿರಲಿಲ್ಲ. ಅಂಥವರು ನಮ್ಮ ಕಡೆ ಪ್ರತಿ ಊರಿನಲ್ಲೂ ಇದ್ದಾರೆ. ಸಂಜೆಯ ಹೊತ್ತು ಅರಳಿಕಟ್ಟೆಯ ಮೇಲೆ ಕೂತು ಮೊಬೈಲು ನೋಡುತ್ತಿರುತ್ತಾರೆ.

"ಚಿಕ್ಕೋನ್ಗೆ ಎಣ್ ನೋಡಕ್ ಓಯ್ತಿವಿ, ಓದ್ದೋನು ಒಬ್ಬ ಜೊತೇಲಿದ್ರೆ ಒಂದ್ ತೂಕ ಕಣ್ ಮಗ, ಬಾ" ಎಂದು ದೊಡ್ಡಮ್ಮ ಫೋನು ಮಾಡಿದ್ದಳು. ಮದ್ದೂರಿನಲ್ಲಿ ಅವರ ಕಾರು ಹತ್ತಿದೆ. ಅಣ್ಣ ಓಡಿಸುತ್ತಿದ್ದ, ದೊಡ್ಡಮ್ಮ ಮುಂದೆ, ಅತ್ತಿಗೆ ಹಿಂದೆ. ಹೂವಿಲ್ಲ, ಹಣ್ಣಿಲ್ಲ. ಬಸುರಿಯನ್ನು ಇಂಥ ಕೆಲಸಕ್ಕೆ ಕರೆದೊಯ್ಯುವುದು ನಮ್ಮ ಮನೆತನದಲ್ಲಿ ಇಲ್ಲವೇ ಇಲ್ಲ. ಮದುವೆಯಾಗಬೇಕಾದವನೂ ಕಾಣಲಿಲ್ಲ.

"ಚಿಕ್ಕೋನು ಎಲ್ಲಿ?" ಎಂದೆ.

"ಅವ್ನ್ಯಾಕೆ? ಮೊದ್ಲು ನಾವ್ ನೋಡವ. ಅವ್ನ್ ಮಕ ಕಂಡ್ರೆ ಒಪ್ಪಿದ್ದೋಳೂ ಎದ್ದೋಯ್ತಾಳೆ" ಎಂದಳು ದೊಡ್ಡಮ್ಮ. ಅಣ್ಣ ನಕ್ಕ. "ಈಗಿನ್ ಎಣ್ಮಕ್ಳಿಗೆ ಜಮೀನ್ ಇರ್ಬೇಕಂತೆ, ಉಡ್ಗ ಜಮೀನ್ಗೆ ಇಳೀಬಾರ್ದಂತೆ. ಇನ್ನೇನು, ಬದೀನ್ ಮ್ಯಾಲ್ ನಿಂತ್ಕಂಡು ಕಬ್ಬಿಗೆ ಟಾಟಾ ಮಾಡ್ಬೇಕಾ?"

ನಾನೂ ನಕ್ಕೆ. ಅತ್ತಿಗೆ ಕಿಟಕಿಯಾಚೆ ನೋಡುತ್ತಿದ್ದಳು.

ಮಳವಳ್ಳಿ ಇನ್ನೂ ದೂರವಿರುವಾಗಲೇ ಕಾರು ಕಬ್ಬಿನ ನಡುವಿನ ಮಣ್ಣುದಾರಿಗೆ ತಿರುಗಿತು. ಕಬ್ಬು ಅರೆಯುವ ಕಾಲ. ಸುತ್ತ ಎಲ್ಲ ಆಲೆಮನೆಗಳಿಂದಲೂ ಹೊಗೆ ಏಳುತ್ತಿತ್ತು. ನಾವು ಹೋಗಿ ನಿಂತ ಆಲೆಮನೆಯ ಮೇಲೆ ಮಾತ್ರ ಆಕಾಶ ತಿಳಿಯಾಗಿತ್ತು. ಬೆಲ್ಲದ ವಾಸನೆಯಿಲ್ಲ, ಗಾಣದ ಸದ್ದಿಲ್ಲ. ಒಳಗೆಲ್ಲೋ ಜನರೇಟರು ಗುಂಯ್ಗುಡುತ್ತಿತ್ತು. ಅಂಗಳದಲ್ಲಿ ಹಳೆಯ ಕಬ್ಬಿನ ಸಿಪ್ಪೆಯ ರಾಶಿ, ಅದರ ನೆರಳಿನಲ್ಲಿ ಬಸುರಿಯರು. ಒಬ್ಬೊಬ್ಬಳ ಪಕ್ಕದಲ್ಲೂ ಒಬ್ಬೊಬ್ಬ ಹಿರಿಯ ಹೆಂಗಸು. ಹವಾಯಿ ಚಪ್ಪಲಿ ಹಾಕಿದ್ದ ಒಬ್ಬಾತ ಬಂದು ನಮ್ಮ ಫೋನುಗಳನ್ನು ಪ್ಲಾಸ್ಟಿಕ್ ಬುಟ್ಟಿಗೆ ಹಾಕಿಕೊಂಡ. ಒಳಗಿರುವುದು ಸ್ಕ್ಯಾನಿಂಗ್ ಮಿಷನ್ನು, ಗಂಡೋ ಹೆಣ್ಣೋ ಹೇಳುವುದಕ್ಕೆ ಎಂದು ಆಗ ಅರ್ಥವಾಯಿತು.

"ದೊಡ್ಡಮ್ಮ, ಇದು ಜೈಲಿಗೆ ಹೋಗೋ ಕೆಲಸ" ಎಂದೆ.

"ಸುಮ್ಕಿರ್ಲಾ. ದಾರೀಲಿ ಯಾರಾನ ನಿಲ್ಸುದ್ರೆ ಎಣ್ ನೋಡಕ್ ಬಂದಿದ್ವಿ ಅನ್ನು, ನಿನ್ ಕೆಲ್ಸ ಅಷ್ಟೇ."

ಅತ್ತಿಗೆಯನ್ನು ಒಳಗೆ ಕರೆದರು. ಹೋದಳು.

ಮೈಸೂರಿನಲ್ಲಿ ಸಮಾಜಶಾಸ್ತ್ರ ಓದುವಾಗ ನಮಗೊಂದು ಕೋಷ್ಟಕ ಬರೆಸಿದ್ದರು. ಸಮಾಜ ಒಂದು ಗುರಿ ಕೊಡುತ್ತದೆ, ಅದನ್ನು ಮುಟ್ಟಲು ಒಪ್ಪಿತ ದಾರಿಯನ್ನೂ ಕೊಡುತ್ತದೆ. ಎರಡನ್ನೂ ಒಪ್ಪಿ ನಡೆಯುವವನು ವಿಧೇಯ. ಗುರಿಯನ್ನು ಇಟ್ಟುಕೊಂಡು ಅಡ್ಡದಾರಿ ಹಿಡಿಯುವವನು ದಾರಿ ತಪ್ಪಿದವನು. ಎರಡನ್ನೂ ಬಿಟ್ಟು ಮೂಲೆ ಸೇರುವವರಿದ್ದಾರೆ, ಎರಡನ್ನೂ ಕಿತ್ತೆಸೆದು ಬೇರೆಯದನ್ನು ನೆಡಲು ಹೊರಡುವ ಬಂಡಾಯಗಾರರೂ ಇದ್ದಾರೆ. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕ ಬಂದಿತ್ತು. ಆ ಅಂಗಳದಲ್ಲಿ ನಿಂತಾಗ ಕೋಷ್ಟಕ ಕೆಲಸಕ್ಕೆ ಬರಲಿಲ್ಲ. ಕಾನೂನಿನ ಕಣ್ಣಿಗೆ ಅಲ್ಲಿದ್ದವರೆಲ್ಲ ದಾರಿ ತಪ್ಪಿದವರು. ಆದರೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಬುತ್ತಿ ಕಟ್ಟಿಕೊಂಡು, ಸರದಿ ತಪ್ಪಿಸದೆ ಕೂತಿದ್ದ ಅವರಿಗಿಂತ ವಿಧೇಯರನ್ನು ನಾನು ಎಲ್ಲೂ ನೋಡಿಲ್ಲ.

ಸ್ವಲ್ಪ ಹೊತ್ತಿಗೆ ಚಪ್ಪಲಿಯ ಮನುಷ್ಯ ಬಂದು ದೊಡ್ಡಮ್ಮನ ಕಿವಿಯಲ್ಲಿ ಏನೋ ಹೇಳಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮಗನ ಕಡೆ ತಿರುಗಿ, "ಇದೂ ಎಣ್ಣೇ. ಇವತ್ತೇ ಮುಗುಸ್ಬುಡವ" ಎಂದಳು. ಅಣ್ಣ ಹೂಂ ಅಂದ. ಅತ್ತಿಗೆ ಅವರ ಹಿಂದೆಯೇ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಮದ್ದೂರು ಬಂದಾಗ ಕಾರು ಆತಗೂರಿನ ಕಡೆ ತಿರುಗಲಿಲ್ಲ. ಅಣ್ಣ ಬಸ್‌ಸ್ಟ್ಯಾಂಡಿನ ಎದುರು ನಿಲ್ಲಿಸಿ, "ನೀನ್ ಇಲ್ಲೇ ಇಳ್ಕಳಪ್ಪ, ಮಂಡ್ಯದ್ ಬಸ್ ಸಿಕ್ತದೆ. ನಮ್ಗೆ ಬೆಂಗ್ಳೂರ್ ಕಡೆ ಕೆಲ್ಸ ಅದೆ" ಎಂದ. ನಾನು ಇಳಿದೆ. ಆಚೆ ಬಾಗಿಲೂ ತೆರೆಯಿತು, ಅತ್ತಿಗೆ ಇಳಿದಳು. ಆ ಬಾಗಿಲನ್ನು ನಾನೇ ಸುತ್ತಿ ಹೋಗಿ ತೆರೆದೆನೆಂದು ಒಂದೊಂದು ಸಲ ನೆನಪಾಗುತ್ತದೆ. ಅತ್ತಿಗೆ ಇಲ್ಲ ಅನ್ನುತ್ತಾಳೆ. ಅವಳ ಮಾತೇ ನಿಜವಿರಬೇಕು.

"ಎಲ್ಲಿಗಮ್ಮಿ?" ಎಂದಳು ದೊಡ್ಡಮ್ಮ.

"ನಮ್ಮವ್ವನ್ ಮನೆಗೆ."

"ಕಾರ್ ಅತ್ತಮ್ಮಿ ಸುಮ್ಕೆ. ಜನ ನೋಡ್ತಾವ್ರೆ."

"ನೋಡ್ಲಿ ಬುಡಿ. ಚಿಕ್ಕೋನ್ಗೆ ಎಣ್ಣಿಲ್ಲ ಅಂತ ಊರೂರ್ ಅಲೀತೀರಲ್ಲ ಅತ್ತೆ, ಎಲ್ಲೋದ್ವು ಎಣ್ಣು? ಆ ಅಂಗ್ಳದಲ್ಲಿ ಕೇಳ್ಬೇಕಾಗಿತ್ತು, ಅವ್ರೇ ಏಳೋರು."

ಅಣ್ಣ ಸ್ಟೇರಿಂಗ್ ಮೇಲಿನ ಕೈ ತೆಗೆಯಲಿಲ್ಲ.

ಅತ್ತಿಗೆಯ ತವರು ಬಂಡೂರಿನ ಹತ್ತಿರ. ನಾನೂ ಜೊತೆಗೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹಿಂದಿನ ಗಾಜಿನಲ್ಲಿ ಒಂದು ಬಿಳಿ ಕಾರು ಕಾಣುತ್ತಿತ್ತು. ಬಸ್ಸು ನಿಂತ ಕಡೆ ಅದೂ ನಿಲ್ಲುತ್ತಿತ್ತು. ಅದು ಅಣ್ಣನದೇ ಎಂದು ಆಣೆ ಮಾಡಿ ಹೇಳಲಾರೆ, ಬಿಳಿ ಕಾರುಗಳಿಗೇನು ಬರವೇ? ಅತ್ತಿಗೆ ಮಾತ್ರ ಒಂದು ಸಲವೂ ತಿರುಗಿ ನೋಡಲಿಲ್ಲ. ತವರು ತಲುಪಿದರೆ ಸಾಕೆಂದು ಇಬ್ಬರೂ ಅಂದುಕೊಂಡಿದ್ದೆವು.

ಅವಳ ಅವ್ವ ಹಿತ್ತಿಲಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ಮಗಳನ್ನು ಕಂಡು ಎದ್ದು ನಿಂತಳು. ನನ್ನತ್ತ ನೋಡಿದಳು, ನಮ್ಮ ಹಿಂದೆ ಬೇರೆ ಯಾರನ್ನೋ ಹುಡುಕಿದಳು.

"ಒಬ್ಳೇ ಬಂದ್ಯಾ? ಎಣ್ಣಾದ್ರೆ ಇವತ್ತೇ ಮುಗುಸ್ಕಂಡ್ ಬತ್ತೀವಿ ಅಂದಿದ್ಲಲ್ಲ ನಿಮ್ಮತ್ತೆ."

ಅತ್ತಿಗೆ ಹೊಸ್ತಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಹೋಗಲು ಬೇರೆ ಕಡೆ ಇರಲಿಲ್ಲ. ಬಹಳ ಹೊತ್ತು ಜಗಲಿಯ ಮೇಲೆ ಕೂತಿದ್ದು, ಕತ್ತಲಾಗುವ ಮುಂಚೆ ಒಳಗೆ ಹೋದಳು.

ವಾರದೊಳಗೆ ಅಣ್ಣ ಇಬ್ಬರು ಹೆಣ್ಣುಮಕ್ಕಳನ್ನೂ ತಂದು ಅಲ್ಲೇ ಬಿಟ್ಟುಹೋದ. ಹೆರಿಗೆಯಾಗುವವರೆಗೂ ಅತ್ತಿಗೆ ಅದೇ ಮನೆಯ ಮೂಲೆಯಲ್ಲಿ ಬೇರೆ ಒಲೆ ಹೂಡಿ ಬೇಯಿಸಿಕೊಂಡಳು. ಅವ್ವ ಕಾಯಿಸಿ ತಂದ ಕಷಾಯಗಳನ್ನು ಅವಳೆದುರಿಗೇ ತಿಪ್ಪೆಗೆ ಚೆಲ್ಲಿದಳು. ಪುಸ್ತಕದ ಬಂಡಾಯಗಾರನಿಗೆ ಹೊಸ ಗುರಿಯೊಂದು ಇರಬೇಕು. ಅತ್ತಿಗೆಯ ಬಾಯಲ್ಲಿ ಅಂಥದ್ದೇನೂ ನಾನು ಕೇಳಲಿಲ್ಲ. ಗಂಡುಮಗು ಬೇಡ ಎಂದೂ ಅವಳು ಹೇಳಿದವಳಲ್ಲ.

ಮೂರನೆಯ ಮಗಳು ಈಗ ದೊಡ್ಡಮ್ಮನ ಮನೆಯ ಅಂಗಳದಲ್ಲಿ ಓಡಾಡುತ್ತಾಳೆ. ಅಣ್ಣ ಅವರನ್ನೆಲ್ಲ ಕರೆದುಕೊಂಡು ಹೋಗಿದ್ದಾನೆ, ಎಲ್ಲರೂ ಒಂದೇ ಮನೆಯಲ್ಲಿದ್ದಾರೆ. ದೊಡ್ಡಮ್ಮ ಮಗುವನ್ನು ಎತ್ತಿ ಮುದ್ದಿಸುತ್ತಾಳೆ, ತಲೆಗೆ ಎಣ್ಣೆ ಹಚ್ಚುತ್ತಾಳೆ. ಅತ್ತಿಗೆ ಬಾವಿಗೆ ಹೋಗಲಿ, ಗದ್ದೆಗೆ ಹೋಗಲಿ, ಮಗು ಅವಳ ಸೊಂಟದ ಮೇಲಿರುತ್ತದೆ. ಇಬ್ಬರು ಅಜ್ಜಿಯರಲ್ಲಿ ಒಬ್ಬಳ ಹತ್ತಿರವೂ ಅದನ್ನು ಒಂಟಿಯಾಗಿ ಬಿಡುವುದಿಲ್ಲ.