ಹುಳು ಹೊಕ್ಕ ಎರಿಗಳು

ಓಬಳಮ್ಮ ಸೋದರಮಾವ ರುದ್ರಯ್ಯನನ್ನೇ ಮದುವೆಯಾಗಿ ಪಾವಗಡದ ಕಡೆಯ ರಾಯಚರ್ಲುವಿಗೆ ಹೋದವಳು. ಒಮ್ಮೆ ಊರಿನ ಹೆಂಗಸರ ಜೊತೆ ಮೂರು ದಿನದ ತರಬೇತಿಗೆ ಹೋಗಿ ಎರಡು ಜೇನುಪೆಟ್ಟಿಗೆ ತಂದಳು. ಹೊಲದ ಬದುವಿನ ಹೊಂಗೆಮರಗಳ ಕೆಳಗೆ ಅವು ಹನ್ನೊಂದು ವರ್ಷ ಇದ್ದವು. ರುದ್ರಯ್ಯನಿಗೆ ಜೇನೆಂದರೆ ಭಯ. ಅವಳು ಮುಚ್ಚಳ ತೆಗೆದರೆ ಅವನು ಕುಡಿಯುವ ನೀರಿನ ಚೊಂಬು ಹಿಡಿದು ದೂರದ ಬಂಡೆಯ ಮೇಲೆ ಕೂತಿರುತ್ತಿದ್ದ.

ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟಮೇಲೆ ಅವನು ಅಲ್ಲೇ ಕಾವಲಿನ ಕೆಲಸಕ್ಕೆ ಸೇರಿದ. ಅವಳಿಗೆ ಕೊಡಿಗೇನಹಳ್ಳಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಗಂಡ ಹೆಂಡತಿ ಒಟ್ಟಿಗಿರುವುದು ತಿಂಗಳಿಗೆ ಎರಡು ದಿನ ಎಂದಾಯಿತು. ಪ್ಯಾನೆಲ್ ಹಾಕಲು ಹೊಂಗೆಮರಗಳನ್ನು ಕಡಿದಮೇಲೆ ಎರಡೂ ಪೆಟ್ಟಿಗೆಯ ಜೇನು ಎದ್ದುಹೋಗಿದ್ದವು. ಖಾಲಿ ಪೆಟ್ಟಿಗೆಗಳು ಅಟ್ಟ ಸೇರಿದ್ದವು.

ಒಂದು ಭಾನುವಾರ ರುದ್ರಯ್ಯ ಅವನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್ಸಿನಲ್ಲಿ ಕೊಡಿಗೇನಹಳ್ಳಿಯ ಅವಳ ಬಾಡಿಗೆ ಮನೆಗೆ ತಂದ. ಮುಚ್ಚಳ ತೆಗೆದರೆ ಒಳಗೆ ಮೇಣದ ಹುಳು. ಜೇನು ಮೇಣದಲ್ಲಿ ಕಟ್ಟಿದ್ದ ಎರಿಗಳ ತುಂಬ ಬೂದುಬಣ್ಣದ ಬಲೆ, ಕರಿ ಹಿಕ್ಕೆ.

"ಸುಟ್ಟಾಕ್ಬುಡು ಓಬಳಿ, ಇನ್ನೇನೈತೆ ಇದ್ರಾಗೆ," ಎಂದ.

ಅವನು ಸಂಜೆಯ ಬಸ್ಸಿಗೆ ಹೋದಮೇಲೆ ಅವಳು ಎರಿ ಹಿಡಿದ ಮರದ ಚೌಕಟ್ಟುಗಳನ್ನು ಒಂದೊಂದೇ ತೆಗೆದು ನೋಡಿದಳು. ಜೇನುಮರಿಗಳು ಬೆಳೆದು ಬೆಳೆದು ಕಪ್ಪಾಗಿದ್ದ ಹಳೇ ಎರಿಗಳನ್ನೇ ಹುಳು ತಿಂದು ಮುಗಿಸಿತ್ತು. ಅವನ್ನು ಕೊಯ್ದು, ನೀರಲ್ಲಿ ಕುದಿಸಿ, ಹಳೇ ಸೀರೆಯಲ್ಲಿ ಸೋಸಿದರೆ ಮುಷ್ಟಿಯಷ್ಟು ಮೇಣ ಬಂತು. ಹುಳು ಗೂಡು ಕಟ್ಟಿದ ಕಡೆ ಮರದಲ್ಲಿ ಅಕ್ಕಿಕಾಳು ಕೂರುವಷ್ಟು ಗುಳಿಗಳು. ಚೌಕಟ್ಟುಗಳನ್ನು ಹೆರೆದು, ಸೋಡಾ ಹಾಕಿದ ಕುದಿನೀರಲ್ಲಿ ಅದ್ದಿ, ಮೂರು ದಿನ ಬಿಸಿಲಿಗಿಟ್ಟು, ಸಡಿಲವಾದ ತಂತಿ ಬಿಗಿದಳು. ಜೇನು ಎರಿ ಕಟ್ಟಲೆಂದು ಚೌಕಟ್ಟಿಗೆ ಅಂಟಿಸುವ ಅಚ್ಚಿನ ಮೇಣದ ಹಾಳೆ ಎರಡು ಉಳಿದಿದ್ದವು. ಅವುಗಳಲ್ಲಿ ಅಲ್ಲಲ್ಲಿ ಹುಳು ಕೊರೆದ ತೂತುಗಳಷ್ಟೇ, ಹೆಚ್ಚಿನ ಹಾನಿ ಇರಲಿಲ್ಲ. ಬಿಸಿಲಿಗಿಟ್ಟರೆ ಕರಗುತ್ತವೆ, ಹಾಗೇ ಬಿಟ್ಟರೆ ಒಳಗಿನ ಮೊಟ್ಟೆ ಮತ್ತೆ ಹುಳುವಾಗುತ್ತದೆ. ಬಲೆ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸ್‌ಕ್ರೀಮ್ ಅಂಗಡಿಯ ಅಂಬರೀಶನನ್ನು ಕೇಳಿಕೊಂಡು ಮೊಟ್ಟೆ ಸಾಯಲೆಂದು ಎರಡು ದಿನ ಅವನ ಫ್ರೀಜರಿನಲ್ಲಿಟ್ಟಳು.

ಎಲ್ಲ ಜೋಡಿಸಿ, ವಾಸನೆಗೆ ಜೇನು ಬರಲೆಂದು ಪೆಟ್ಟಿಗೆಯೊಳಗೆ ಮೇಣ ಸವರಿ, ಬಾಡಿಗೆ ಮನೆಯ ಹಿತ್ತಲಲ್ಲಿಟ್ಟು ಕಾದಳು. ಇರುವೆ ಬಂದವು, ಜೇನು ಬರಲಿಲ್ಲ. ಹಾಸ್ಟೆಲಿಗೆ ಹೋಗುವಾಗಲೊಮ್ಮೆ, ಬಂದಾಗಲೊಮ್ಮೆ ಬಗ್ಗಿ ಪೆಟ್ಟಿಗೆಗೆ ಕಿವಿಯಿಡುತ್ತಿದ್ದಳು. ಒಳಗೆ ಸದ್ದಿರುತ್ತಿರಲಿಲ್ಲ. ಎದ್ದು ತಿರುಗಿದರೆ ಹಿಂದೆ ಚೊಂಬು ಹಿಡಿದು ಯಾರೂ ಕೂತಿರುತ್ತಿರಲಿಲ್ಲ. ಆಗ ಮನೆಯೊಳಗೆ ಹೋಗಲು ಮನಸ್ಸಾಗದೆ ಸುಮ್ಮನೆ ನಿಲ್ಲುವಳು.

ಶಿವರಾತ್ರಿ ಹತ್ತಿರ ಬಂದಾಗ ರುದ್ರಯ್ಯನ ಫೋನು ಬಂತು. ಕಾವಲು ಕೋಣೆಯ ಹಿಂದಿನ ಜಾಲಿಮರಕ್ಕೆ ಪೆಟ್ಟಿಗೆಯಲ್ಲಿ ಸಾಕುವ ಜಾತಿಯ ತುಡುವೆ ಜೇನು ಬಂದು ಕೂತಿದೆ, ಜೊತೆಯವರು ಹೊಗೆ ಹಾಕಿ ಓಡಿಸುತ್ತೇವೆ ಅಂತಿದ್ದಾರೆ, ಬೇಗ ಬಾ ಎಂದ. ಅವಳು ರಜೆ ಹೇಳಿ, ಒಂದು ಪೆಟ್ಟಿಗೆ ಹೊತ್ತು ಹೊರಟಳು. ಹೋಗಿ ನೋಡಿದರೆ ರುದ್ರಯ್ಯ ಯಾರನ್ನೂ ಹತ್ತಿರ ಬಿಡದೆ ಮರದ ಬುಡದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ. ಜೇನು ಕಚ್ಚಿ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

ಅವನೇ ಕೊಂಬೆ ಬಗ್ಗಿಸಿ ಹಿಡಿದ, ಅವಳು ಜೇನನ್ನು ಪೆಟ್ಟಿಗೆಗೆ ಕೊಡವಿದಳು. ಹೊತ್ತು ಮುಳುಗುವಷ್ಟರಲ್ಲಿ ಎಲ್ಲ ಒಳಗೆ ಸೇರಿದವು.

"ಇಲ್ಲೇ ಇಟ್ಕೊಳಾಣ," ಎಂದ ರುದ್ರಯ್ಯ. "ಇದ್ಕಾದ್ರೂ ನೀನು ಬತ್ತಿರ್ತೀಯ."

ಅವಳು ಸುತ್ತ ನೋಡಿದಳು. ಕಣ್ಣು ಹಾಯುವಷ್ಟು ದೂರ ಪ್ಯಾನೆಲ್‌ಗಳು.

"ಹೂವೆಲ್ಲೈತೆ ಮಾವ ಇಲ್ಲಿ? ಹಸ್ಕೊಂಡು ಹೊಂಟೋಯ್ತವೆ."

ಬೆಳಗ್ಗೆ ಅವನೇ ಬಾಗಿಲಿಗೆ ಜಾಲರಿ ಕಟ್ಟಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಪಾವಗಡದವರೆಗೆ ಬಂದ. ಅವಳನ್ನು ಬಸ್ಸಿನಲ್ಲಿ ಕೂರಿಸಿ, ಬಸ್ಸು ತಿರುಗಿ ಮರೆಯಾಗುವವರೆಗೂ ನಿಂತಿದ್ದ.

ಕೊಡಿಗೇನಹಳ್ಳಿಯ ತೋಟಗಳಲ್ಲಿ ತೆಂಗಿನ ಹೊಂಬಾಳೆ ಬಿರಿದಿತ್ತು. ಮೂರನೇ ವಾರ ಮುಚ್ಚಳ ತೆಗೆದರೆ ಹಾಳೆಯ ತೂತುಗಳನ್ನು ಜೇನು ತಾವೇ ತುಂಬಿ, ಮೇಲೆ ಬೆಳ್ಳನೆ ಎರಿ ಎಬ್ಬಿಸಿದ್ದವು. ಫೋನಿನಲ್ಲಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿಸಿಕೊಂಡು, ಈ ತಿಂಗಳ ರಜೆಯನ್ನು ಬೇರೆಯವನಿಗೆ ಬಿಟ್ಟುಕೊಡಬೇಕಾಯಿತು, ಬರುವ ತಿಂಗಳು ನೋಡ್ತೀನಿ ಎಂದ. ಅವಳು ಹೂಂ ಅಂದು ಫೋನಿಟ್ಟು, ಮಕ್ಕಳ ಇಡ್ಲಿಗೆ ಅಕ್ಕಿ ನೆನೆಹಾಕಲು ಹಾಸ್ಟೆಲಿಗೆ ನಡೆದಳು.