ಮೇಲಕ್ಕೆ ತೋಡಿದ ಬಾವಿ

ಹೆಬ್ಬಾಳದ ಕಲ್ಲುಕುಟಿಗರಲ್ಲಿ ಮುನಿಗಂಗಪ್ಪನ ಉಳಿಗೆ ಬಂಡೆಯೂ ಬೆಣ್ಣೆ. ಐವತ್ತನಾಲ್ಕನೇ ಇಸವಿಯಲ್ಲಿ ಮೇಸ್ತ್ರಿ ಆನಂದಪ್ಪ ಬಾಗುಗಲ್ಲಿನ, ಅಂದರೆ ದುಂಡು ಗೋಡೆಗೆ ಕೂರುವ ಬಾಗಿದ ಕಲ್ಲಿನ, ಕೆಲಸ ತಂದ. ಬಾಗು ಕಂಡವರೆಲ್ಲ ಬಾವಿಗೆಂದೇ ತಿಳಿದರು. ಆದರೆ ಬಾವಿಗಲ್ಲಿಗೆ ಒಳಮೈ ನಯವಾಗಬೇಕು, ಇದಕ್ಕೆ ಹೊರಮೈ.

“ಬಾವೀನ ಹೊರಗಿಂದ ಯಾವನ್ ನೋಡ್ತಾನೆ ಮೇಸ್ತ್ರಿ? ಎರೆಹುಳಾನಾ?” ಎಂದ ಮುನಿಗಂಗಪ್ಪ.

“ಇದು ಮೇಲಕ್ಕೆ ತೋಡೋ ಬಾವಿ ಕಣಯ್ಯಾ! ಘಟ್ಟದ ಕೆಳಗೆ ಬಂದರಿನಲ್ಲಿ ದೀಪಸ್ತಂಭ ಕಟ್ತಾವ್ರೆ, ಹಡಗಿಗೆ ದಾರಿ ತೋರ್ಸಕ್ಕೆ. ಲೋಕವೆಲ್ಲ ನೋಡೋ ಮೈ, ಕನ್ನಡಿ ಆಗ್ಬೇಕು.”

ಆ ಮಾತು ಮುನಿಗಂಗಪ್ಪನ ತಲೆಗೇರಿತು. ಕನ್ನಡಿಯನ್ನೇ ಮಾಡಿದ. ಕಡೆಯ ಕಲ್ಲಿನಲ್ಲಿ ಚಕ್ಕೆ ಸಿಡಿದು ಎಡಗಣ್ಣು ಹೋಯಿತು. ಗಾಯ ಮಾಗಿದ ಮೇಲೆ, ಲಾರಿ ಬರುವ ಮುಂಚೆ, ಅದೇ ಕಲ್ಲಿನ ಹೊರಮೈಯಲ್ಲಿ ಒಂದು ಕಣ್ಣು ಕೆತ್ತಿ ಕಳಿಸಿದ.

ಒಂಟಿಗಣ್ಣಿನವನಿಗೆ ನಯದ ಕೆಲಸ ಯಾರು ಕೊಟ್ಟಾರು? ಜಲ್ಲಿ ಒಡೆಯಲು ಕೂತ. ಒಕ್ಕಣ್ಣ ಎಂದು ಯಾರಾದರೂ ಅಣಕಿಸಿದರೆ, “ಇನ್ನೊಂದು ಸಮುದ್ರ ನೋಡ್ತಾ ಐತೆ ಕಣೋ, ನಿನಗೈತಾ ಅಂಥಾ ಕಣ್ಣು?” ಎನ್ನುವನು. ಆ ಒಂದು ಮಾತಿನ ಮೇಲೆ ಏಳು ವರ್ಷ ತಲೆಯೆತ್ತಿ ತಿರುಗಿದ.

ಆಮೇಲೆ ಹೆಂಡತಿ ಮುನಿನಾರಾಯಣಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿ ಘಟ್ಟವಿಳಿದ. ದೀಪಸ್ತಂಭ ನೋಡಲು ಬಂದರಿನ ಕಚೇರಿಯಲ್ಲಿ ಚೀಟಿ ಪಡೆಯಬೇಕು. ಸಂಜೆ ನಾಲ್ಕರ ಮೇಲೆ, ದೀಪ ಹಚ್ಚುವ ಮೊದಲು, ಚೀಟಿ ಇದ್ದವರು ಯಾರು ಬೇಕಾದರೂ ಹತ್ತಬಹುದು. ಎಲ್ಲರೂ ಸಮುದ್ರ ನೋಡಲು ಮೇಲೆ ಹತ್ತಿದರು. ಇವನು ಬುಡವನ್ನೇ ಸುತ್ತಿದ. ಕಲ್ಲೇ ಕಾಣದು. ಬುಡದಿಂದ ತುದಿಯವರೆಗೆ ಗಾರೆ, ಅದರ ಮೇಲೆ ಸುಣ್ಣ.

“ಎಲ್ಲಯ್ಯ ನಿನ್ ಕಣ್ಣು?” ಎಂದಳು ಹೆಂಡತಿ.

ಅವನು ಉಗುರಿನಿಂದ ಸುಣ್ಣ ಕೆರೆಯತೊಡಗಿದ.

“ಎಂತ ಮಾಡ್ತೀರಿ ಮಾರಾಯ್ರೆ, ಗೋಡೆ ಹಾಳಾಗ್ತದೆ!” ಕಾವಲುಗಾರ ಓಡಿ ಬಂದ.

“ಒಳಗೆ ನನ್ ಕಲ್ಲೈತೆ ಸ್ವಾಮಿ. ಯಾವಾಗ ಬಳಿದ್ರಿ ಇದನ್ನ?”

“ಕಟ್ಟಿದ ವರ್ಷವೇ. ಹಗಲು ಹಡಗಿನವರಿಗೆ ಬೆಳ್ಳಗೆ ಕಾಣ್ಬೇಕಲ್ಲ? ಇಲ್ಲಿಯ ಕಲ್ಲು ಯಾರೂ ನೋಡಿದ್ದಿಲ್ಲ.”

ಮೇಲೆ ಹತ್ತದೆಯೇ ಹಿಂದಿರುಗಿದ. ಊರಿನಲ್ಲಿ ಹುಡುಗರು ಕೆಣಕಿದರು: “ಏನ್ ಗುರು, ಸಮುದ್ರ ನೋಡ್ತಾ ಇತ್ತಾ?”

ಅವನು ತಲೆಯೆತ್ತಲಿಲ್ಲ. ಸುತ್ತಿಗೆ ಎತ್ತಿ ಜಲ್ಲಿ ಒಡೆದ. ಜಲ್ಲಿಗೆ ಒಳಮೈಯೂ ಇಲ್ಲ, ಹೊರಮೈಯೂ ಇಲ್ಲ.