ಕೋಡು ಮುರಿದ ಮಣ್ಣೆತ್ತು

ತೊಂಬತ್ತರ ದಶಕದ ಆರಂಭದ ವರ್ಷಗಳು. ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಮುಗಿಸಿ ಮಸ್ಕಿಗೆ ಮರಳಿದ್ದೆ. ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಸಿಂಧನೂರಿನಿಂದ ಅಕ್ಕ ಹೇಳಿ ಕಳಿಸಿದಳು: ಮಗಳಿಗೆ ಮೂರು ತುಂಬಿತು, ಇನ್ನೂ ಮಾತು ಬಂದಿಲ್ಲ. 'ಅವ್ವ', 'ಬ್ಯಾಡ', ಎರಡೇ ಶಬ್ದ.

ಮಗುವನ್ನು ಲಿಂಗಸುಗೂರಿನ ಡಾಕ್ಟರಿಗೆ ತೋರಿಸಲು ಅಕ್ಕನ ಜೊತೆ ನಾನೂ ಹೋದೆ. ಕಿವಿ ಸರಿಯಾಗಿದೆ, ತಾನೇ ಕಥೆ ಕಟ್ಟಿಕೊಂಡು ಆಡುವಂಥ ಆಟಿಕೆ ಕೊಡಿ, ಎಂದರು. ಆರಿಸುವ ಕೆಲಸ ಓದಿದವಳೆಂದು ನನಗೆ ಬಂತು.

ಕೀಲಿ ಕೊಡುವ ರೈಲು, ಅಲುಗಿಸಿದರೆ ಅಳುವ ಗೊಂಬೆ ತಂದೆ. ರೈಲು ತಾನೇ ಓಡಿ ನಿಂತಿತು. ಗೊಂಬೆ ತಾನೇ ಅತ್ತಿತು. ಮಗುವಿಗೆ ಮಾಡಲು ಏನೂ ಉಳಿದಿರಲಿಲ್ಲ, ಸುಮ್ಮನೆ ನೋಡಿತು. ಅಕ್ಕನ ಮನೆಯಲ್ಲೇ ಉಳಿದಿದ್ದ ನಾನು ದಿನವೂ ಬಾಗಿಲ ಬಳಿ ಸುಳಿದಾಡುತ್ತ ಕಿವಿಗೊಡುತ್ತಿದ್ದೆ. ಅಕ್ಕ ನನ್ನ ಮುಖ ನೋಡುತ್ತಿದ್ದಳು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಅಕ್ಕನ ಅತ್ತೆ ಕುಂಬಾರರ ಮನೆಯಿಂದ ಜೋಡಿ ಮಣ್ಣಿನ ಎತ್ತು ತರಿಸಿ ದೇವರ ಜಗಲಿಯ ಮೇಲಿಟ್ಟು ಪೂಜಿಸಿದರು. ಅವು ಅಲ್ಲಿರುವವರೆಗೆ ಮಕ್ಕಳು ಮುಟ್ಟುವಂತಿಲ್ಲ.

ಮಧ್ಯಾಹ್ನ ಒಳಗೆ ಹೋದರೆ ಒಂದು ಎತ್ತು ನೆಲದ ಮೇಲಿತ್ತು, ಕೋಡು ಮುರಿದಿತ್ತು. ಮಗು ಅದರ ಬಾಯಿಗೆ ಜೋಳದ ಕಾಳು ಹಿಡಿದಿತ್ತು. ತುಟಿ ಅಲುಗುತ್ತಿತ್ತು, ಏನೆಂದು ಕೇಳಿಸಲಿಲ್ಲ. ಹತ್ತಿರ ಹೋಗಲೋ ಬೇಡವೋ ಎಂದು ನಿಂತಿದ್ದಾಗ ಅಕ್ಕನ ಅತ್ತೆ ಬಂದರು.

"ಯಾರು ಮುರದಾರ ಇದನ್ನ? ಅಮಾಸಿ ದಿನಾನ ಹಿಂಗ ಆಗಬೇಕಿತ್ತೇನು?"

"ನಾನ ರೀ. ಜಗಲಿ ಒರಸಾಕ ಹೋಗಿದ್ದೆ, ಕೈ ತಾಗ್ತು," ಎಂದೆ. ಸುಳ್ಳು ನನಗೆ ಸಲೀಸಾಗಿ ಬರುವುದಿಲ್ಲ. ಎತ್ತನ್ನು ಕಸಿದುಕೊಂಡರೆ ಆ ತುಟಿಗಳೂ ನಿಂತುಬಿಟ್ಟಾವು ಎಂಬ ಹೆದರಿಕೆ.

"ಇಷ್ಟು ಓದಿ ಬಂದೀದಿ, ಒಂದು ಮಣ್ಣೆತ್ತು ಹಿಡಿಯಾಕ ಬರಂಗಿಲ್ಲ. ನಿನ್ನ ಮಾಡ್ಕೊಂಡಾವನ ಗತಿ ಏನವಾ," ಎಂದು ಅವರು ಎತ್ತಿಗೆ ಕೈ ಹಾಕಿದರು.

ಮಗು ತಲೆಯೆತ್ತಿತು. "ಎತ್ತು ಬಿತ್ತು," ಎಂದಿತು. ಸ್ವಲ್ಪ ತಡೆದು, "ನೀರಿಗೆ ಹೋಗಿತ್ತು."

ಅತ್ತೆಯ ಕೈ ಅಲ್ಲೇ ನಿಂತಿತು. ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ನೆಲಕ್ಕೆ ಕೂತರು.

"ಕಾಲುವಿಗೇನು? ಕಾಲುವಿಗಿನ್ನಾ ನೀರು ಬಿಟ್ಟಿಲ್ಲಲ್ಲಬೇ."

ಮಗು ಯೋಚಿಸಿತು. "ಬಿಟ್ಟಾರ," ಎಂದಿತು.

ಅಡುಗೆಮನೆಯಲ್ಲಿದ್ದ ಅಕ್ಕನನ್ನು ಕರೆಯಲು ಎರಡು ಹೆಜ್ಜೆ ಹೋದೆ. ಮುಂದಿನ ಮಾತು ತಪ್ಪಿಹೋದೀತೆಂದು ಮತ್ತೆ ಹಿಂದಕ್ಕೆ ಬಂದೆ.